ಪಿಕಪ್‌ಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುವ ಮೊದಲು
ಲೋಡ್ ಹಾಕಿದರೆ ಗಾಡಿ ಹಿಂದೆ ಕೂರುತ್ತದೆ ಅಂತ ಸುಮಾರು ಜನ ಶಾಕ್ ಬದಲಿಸುತ್ತಾರೆ. ಅದು ದುಡ್ಡು ದಂಡ. ಭಾರ ಹೊರುವುದು ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್‌ಗಳು), ಶಾಕ್ ಕೆಲಸ ಕುಣಿತ ನಿಲ್ಲಿಸುವುದಷ್ಟೇ. ನಾನೂ ಮೊದಲು ಹೀಗೇ ಮಾಡಿದ್ದೆ, ಟೊಮೆಟೊ ಕ್ರೇಟ್ ತುಂಬಿ ಹೊರಟರೆ ಗಾಡಿ ಮತ್ತೆ ಹಾಗೇ ಕೂತಿತು, ಆಮೇಲೆ ಕೆಳಗೆ ಬಗ್ಗಿ ನೋಡಿದರೆ ಒಂದು ಪ್ಲೇಟ್ ಕಟ್ ಆಗಿತ್ತು.

ಶಾಕ್ ಮೇಲೆ ಎಣ್ಣೆ ಜಿನುಗಿದ್ದರೆ, ಹಂಪ್ ದಾಟಿದ ಮೇಲೂ ಗಾಡಿ 2-3 ಸಲ ಕುಣಿದರೆ ಬದಲಿಸಿ. ಒಂದೇ ಕಡೆ ಬೇಡ, ಆ ಆಕ್ಸಲ್‌ನ 2 ಶಾಕೂ ಒಟ್ಟಿಗೆ ಹಾಕಿಸಿ. ಘಾಟಿ, ಹಾಳು ರಸ್ತೆ ಜಾಸ್ತಿ ಓಡಿಸುವವರಿಗೆ ಗ್ಯಾಸ್ ತುಂಬಿದ ಶಾಕ್ ಒಳ್ಳೆಯದು, ಬಿಸಿಯಾದಾಗ ಎಣ್ಣೆಯಲ್ಲಿ ನೊರೆ ಬರುವುದು ಕಡಿಮೆ. ಮೋನೋಟ್ಯೂಬ್ (ಒಂದೇ ಕೊಳವೆಯ ಶಾಕ್) ಇನ್ನೂ ಬೇಗ ತಣ್ಣಗಾಗುತ್ತದೆ, ಆದರೆ ಕಲ್ಲು ಬಡಿದು ಡೆಂಟ್ ಆದರೆ ಕೆಲಸ ಕೆಟ್ಟ ಹಾಗೇ.

ಲೀಫ್ ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದರೆ ಖಾಲಿ ಗಾಡಿ ಎಗರುತ್ತದೆ. ಬ್ರೇಕ್, ಟೈರ್, ಆಕ್ಸಲ್ ಮಾತ್ರ ಹಳೆಯವೇ ಅಲ್ವಾ? ಆರ್‌ಸಿಯಲ್ಲಿ ಬರೆದ ತೂಕ ದಾಟಬೇಡಿ, ದಯವಿಟ್ಟು. ಬುಷ್ (ಶಾಕ್, ಸ್ಪ್ರಿಂಗ್ ತುದಿಯ ರಬ್ಬರ್ ತೋಳು) ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯ ಟೈಟ್ ಮಾಡಿಸಿ, ಜಾಕ್ ಮೇಲಿದ್ದಾಗ ಮಾಡಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.