ಬಾದಾಮಿ, ಐಹೊಳೆ, ಪಟ್ಟದಕಲ್ಲು: ಎರಡು ದಿನದಲ್ಲಿ ನೋಡುವುದು ಹೇಗೆ

ಮೂರೂ ಊರನ್ನು ಒಂದೇ ದಿನಕ್ಕೆ ಮುಗಿಸಿಕೊಡುತ್ತೇವೆ ಎಂದು ಟ್ಯಾಕ್ಸಿಯವರು ಹೇಳುತ್ತಾರೆ. ಮುಗಿಯುತ್ತದೆ, ಆದರೆ ನೋಡಿದ ಹಾಗಾಗುವುದಿಲ್ಲ. ಬೆಳಿಗ್ಗೆ ಬಾದಾಮಿ ಗುಹೆ, ನೆತ್ತಿಯ ಬಿಸಿಲಲ್ಲಿ ಪಟ್ಟದಕಲ್ಲು, ಐಹೊಳೆ ಮುಟ್ಟುವಷ್ಟರಲ್ಲಿ ಕಾಲೂ ಸೋತಿರುತ್ತವೆ, ಹೊತ್ತೂ ಮುಳುಗುತ್ತಿರುತ್ತದೆ. ಎರಡು ದಿನ ಇಟ್ಟುಕೊಳ್ಳಿ: ಮೊದಲ ದಿನ ಪೂರ್ತಿ ಬಾದಾಮಿ, ಎರಡನೆಯ ದಿನ ಐಹೊಳೆಯಿಂದ ಶುರು ಮಾಡಿ ಹಿಂದಕ್ಕೆ ಬರುವುದು.

ಬರುವುದು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಂಪು ಮರಳುಗಲ್ಲು ಹಂಚಿನಂತೆ ಕಾಯುತ್ತದೆ. ಶುಕ್ರವಾರ ಬೇಡ, ಬಾದಾಮಿ ಮತ್ತು ಐಹೊಳೆಯ ಮ್ಯೂಸಿಯಂಗಳಿಗೆ ಅಂದು ರಜೆ. ಮಳೆಗಾಲದಲ್ಲಿ ನವಿಲುತೀರ್ಥ ಡ್ಯಾಂನಿಂದ ಮಲಪ್ರಭೆಗೆ ನೀರು ಬಿಟ್ಟ ಸುದ್ದಿ ಇದ್ದರೆ ಪ್ರವಾಸ ಮುಂದೂಡಿ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳದವರೆಗೂ ಹೊಳೆ ಬಂದಿತ್ತು.

ರೈಲಿನಲ್ಲಿ ಬರುವವರು ಒಂದು ಮಾತು ತಿಳಿದಿರಬೇಕು: ಬಾದಾಮಿ ಸ್ಟೇಷನ್ ಊರೊಳಗಿಲ್ಲ, ಸುಮಾರು ಐದು ಕಿ.ಮೀ. ದೂರ. ಟಂಟಂನಲ್ಲಿ (ಸೀಟಿನ ಮೇಲೆ ಓಡುವ ಆಟೊ) ಸೀಟಿನ ಲೆಕ್ಕವೋ, ಇಡೀ ಗಾಡಿಯ ಬಾಡಿಗೆಯೋ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ಮೊದಲ ದಿನ ಗೇಟು ತೆಗೆಯುವ ಹೊತ್ತಿಗೇ ಗುಹೆಗಳ ಹತ್ತಿರ ಇರಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತವೆಂದರೆ ಮೂರನೆಯ ಗುಹೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಕುರುಕಲು ಪೊಟ್ಟಣ ಬೇಡ. ಚೀಲದ ಸಪ್ಪಳಕ್ಕೇ ಮಂಗಗಳು ಮೈಮೇಲೆ ಬರುತ್ತವೆ, ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ನೀರಿನ ಬಾಟಲಿ ಬೆನ್ನಿನ ಬ್ಯಾಗಿನ ಒಳಗಿರಲಿ, ಪಕ್ಕದ ಜೇಬಿನಲ್ಲಿ ಬೇಡ.

ತಪ್ಪದೆ ತರಬೇಕಾದದ್ದು ಒಂದು ಸಣ್ಣ ಟಾರ್ಚ್. ಅದನ್ನು ಶಿಲ್ಪದ ಎದುರಿಗೆ ಹಿಡಿದರೆ ನೆರಳು ಸತ್ತು ಮೂರ್ತಿ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಯ ಪಕ್ಕಕ್ಕೆ ಸರಿದು ಅಡ್ಡಲಾಗಿ ಬೆಳಕು ಹಾಯಿಸಿ, ಸೊಂಟದ ಪಟ್ಟಿಯ ಮಣಿ ಮಣಿಯೂ ಎದ್ದು ಕಾಣುತ್ತದೆ. ಒಂದನೆಯ ಗುಹೆಯ ಬಾಗಿಲಲ್ಲೇ ಬಲಕ್ಕಿರುವ ನಟರಾಜನಿಗೆ 18 ಕೈ. ಎಡದ ಒಂದು ಕೈಗೆ ಬಲದ ಒಂದನ್ನು ಜೋಡಿಸುತ್ತ ಹೋದರೆ 81 ಭಂಗಿ ಎಂದು ಗೈಡ್‌ಗಳು ಲೆಕ್ಕ ಹೇಳುತ್ತಾರೆ. ಒಂದೆರಡನ್ನಾದರೂ ನಿಮ್ಮ ಕೈಯಿಂದ ಬೇರೆ ಕೈಗಳನ್ನು ಮರೆಮಾಡಿಕೊಂಡು ನೋಡಿ, ಕುಣಿತ ಬದಲಾಗುವುದು ಗೊತ್ತಾಗುತ್ತದೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಮೂರನೆಯ ಗುಹೆಗೆ. ಶಕ 500, ಅಂದರೆ ಕ್ರಿ.ಶ. 578ರ, ಚಾಲುಕ್ಯರ ಮಂಗಳೇಶನ ಶಾಸನ ಇಲ್ಲಿದೆ. ಕಂಬಗಳ ತಲೆಯ ಬಳಿ ಇರುವ ದಂಪತಿ ಶಿಲ್ಪಗಳನ್ನು ನೋಡಲು ಕತ್ತೆತ್ತಬೇಕು, ಬಹಳ ಜನ ಎತ್ತುವುದೇ ಇಲ್ಲ. ನಾಲ್ಕನೆಯದು ಜೈನರದು, ಚಿಕ್ಕದು. ಅಲ್ಲಿಂದ ಕೆಳಗಿನ ದೊಡ್ಡ ಹೊಂಡ, ಅಗಸ್ತ್ಯ ತೀರ್ಥ, ಪೂರ್ತಿ ಕಾಣುತ್ತದೆ.

ಊಟಕ್ಕೆ ಐದು ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಹೊಂಡದ ಸುತ್ತ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ. ರೇಟು ಕೇಳಿಯೇ ಕೂರಿ. ಚಿಲ್ಲರೆ ಜೊತೆಗಿರಲಿ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಆದರೆ ನಾಟಕ ಕಂಪನಿಗಳು ಟೆಂಟು ಹೊಡೆಯುವುದೂ ಆಗಲೇ. ಗುಹೆ ನೋಡಲಲ್ಲ, ನಾಟಕ ನೋಡಲು ಬರುವುದಾದರೆ ಅದೇ ಸರಿಯಾದ ಕಾಲ.

ಬಿಸಿಲು ಇಳಿದ ಮೇಲೆ ಬಾದಾಮಿಗೆ ಮರಳಿ ಅಗಸ್ತ್ಯ ತೀರ್ಥದ ಉತ್ತರ ದಂಡೆಗೆ ಬನ್ನಿ. ಮ್ಯೂಸಿಯಂ ನೋಡಿ, ಅದರ ಪಕ್ಕದ ಬಂಡೆಗಳ ಕಿರಿದಾದ ಸಂದಿಯಲ್ಲಿ ಮೇಲೆ ಹತ್ತಿದರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಮೆಟ್ಟಿಲು ಕಡಿದಾಗಿವೆ, ಮೊಣಕಾಲು ನೋವಿದ್ದವರು ಇದನ್ನು ಬಿಟ್ಟು ದಂಡೆಗುಂಟ ನೇರ ಭೂತನಾಥ ಗುಡಿಗೆ ನಡೆಯಲಿ. ಸಂಜೆಯ ಬಿಸಿಲು ಎದುರಿನಿಂದ ಗುಡಿಯ ಮೇಲೆ ಬೀಳುವುದರಿಂದ ಫೋಟೊಕ್ಕೆ ಬೆಳಿಗ್ಗೆ ಪ್ರಯೋಜನವಿಲ್ಲ.

ಎರಡನೆಯ ದಿನ ಐಹೊಳೆ ಮೊದಲು ಏಕೆಂದರೆ ಮೇಗುತಿ ಗುಡ್ಡವನ್ನು ಬಿಸಿಲೇರುವ ಮುಂಚೆ ಹತ್ತಬೇಕು. ಬಾದಾಮಿಯಿಂದ ಸುಮಾರು 35 ಕಿ.ಮೀ. ಪಟ್ಟದಕಲ್ಲಿಗೆ ಇದ್ದಷ್ಟು ಬಸ್ಸು ಇಲ್ಲಿಗಿಲ್ಲ. ಬಸ್ಸಿನಲ್ಲೇ ಬಂದರೆ ಇಳಿದ ಕೂಡಲೇ ಮರಳಿ ಹೋಗುವ ಬಸ್ಸಿನ ಸಮಯವನ್ನು ಕಂಡಕ್ಟರ್ ಹತ್ತಿರವೇ ಕೇಳಿ. ತಪ್ಪಿದರೆ ಅಮೀನಗಡಕ್ಕೆ ಟಂಟಂ ಹಿಡಿದು ಅಲ್ಲಿಂದ ಬೇರೆ ಬಸ್ಸು ಹತ್ತುವುದು ದಾರಿ. ಕರದಂಟೂ ಕೊಂಡ ಹಾಗಾಯಿತು.

ಗುಡ್ಡದ ಮೇಲಿನ ಮೇಗುತಿ ಗುಡಿಯ ಹೊರಗೋಡೆಯಲ್ಲಿ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆದ, ಇಮ್ಮಡಿ ಪುಲಕೇಶಿಯನ್ನು ಹೊಗಳುವ ಶಾಸನ ಇದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಕೆಳಗಿಳಿದು ದುರ್ಗ ಗುಡಿ: ಹೆಸರು ದೇವಿಯದಲ್ಲ, ದುರ್ಗ ಎಂದರೆ ಕೋಟೆ. ಹಿಂಭಾಗ ಆನೆಯ ಬೆನ್ನಿನಂತೆ ಗುಂಡಗಿದೆ. ಗರ್ಭಗುಡಿಗೆ ನುಗ್ಗದೆ, ಕಂಬಗಳ ಪಡಸಾಲೆಯಲ್ಲಿ ಎಡದಿಂದ ಒಂದು ಸುತ್ತು ನಿಧಾನಕ್ಕೆ ಬನ್ನಿ, ದೊಡ್ಡ ಶಿಲ್ಪಗಳೆಲ್ಲ ಅಲ್ಲಿಯೇ ಇವೆ. ಬಂಡೆ ಕೊರೆದು ಮಾಡಿದ ಗುಹೆಗುಡಿ ರಾವಣಫಡಿಯನ್ನು ಬಿಟ್ಟು ಬರಬೇಡಿ.

ಅಲ್ಲಿಂದ ಹದಿನಾಲ್ಕು ಕಿ.ಮೀ. ಆಚೆ ಪಟ್ಟದಕಲ್ಲು. 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವುದರಿಂದ ಟಿಕೆಟ್ ಬಾದಾಮಿಗಿಂತ ಹೆಚ್ಚು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ. ಮಧ್ಯಾಹ್ನ ಅಲ್ಲಿನ ಹಾಸುಗಲ್ಲು ಪಾದ ಸುಡುತ್ತದೆ, ದಪ್ಪ ಕಾಲುಚೀಲ ತಂದಿದ್ದರೆ ಬಚಾವ್. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇದು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆ ಪಟ್ಟಿ ಪಟ್ಟಿಯಾಗಿದೆ, ಮತ್ತೆ ಟಾರ್ಚ್ ಬೇಕು.

ಬಾದಾಮಿಗೆ ಮರಳುವಾಗ ಮಹಾಕೂಟಕ್ಕೆ ತಿರುಗಿ. ಬುಗ್ಗೆ ನೀರಿನ ಪುಷ್ಕರಣಿಯಲ್ಲಿ ಮೀಯಲು ಒಣಬಟ್ಟೆ ಬೇಕು. ನೀರಿನಲ್ಲಿ ಸೋಪು, ಶಾಂಪೂ ಹಚ್ಚಿಕೊಳ್ಳಬೇಡಿ. ಮೆಟ್ಟಿಲು ಪಾಚಿಗಟ್ಟಿರುತ್ತವೆ, ಮಕ್ಕಳ ಕೈ ಬಿಡಬೇಡಿ. ಇತಿಹಾಸ ಓದಿ ಬಂದವರು ಮಂಗಳೇಶನ ಶಾಸನದ ಕಂಬವನ್ನು ಇಲ್ಲಿ ಹುಡುಕುತ್ತಾರೆ. ಅದನ್ನು ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂಗೆ ಸಾಗಿಸಿದ್ದಾರೆ.