ಸ್ಟೇರಿಂಗ್ ನಡುಗ್ತಿದ್ಯಾ? ವೀಲ್ ಬ್ಯಾಲೆನ್ಸಿಂಗ್ ಮಾಡ್ಸುವಾಗ ಪಕ್ಕದಲ್ಲೇ ನಿಂತು ನೋಡಿ

ಊರೊಳಗೆ ಗಾಡಿ ಚೆನ್ನಾಗೇ ಓಡುತ್ತೆ, ಹೈವೇಗೆ ಬಂದು 80 ದಾಟಿದ ಕೂಡ್ಲೆ ಸ್ಟೇರಿಂಗ್ ಕೈಯಲ್ಲಿ ಗುರ್ರ್ ಅಂತ ನಡುಗೋಕೆ ಶುರು. ಹೀಗಿದ್ರೆ ಹೆಚ್ಚಾಗಿ ಅದು ಬ್ಯಾಲೆನ್ಸಿಂಗ್ ಪ್ರಾಬ್ಲಮ್ಮೇ, ಅಂದ್ರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲ. ನಡುಕ ಸ್ಟೇರಿಂಗಲ್ಲಿದ್ರೆ ಮುಂದಿನ ಚಕ್ರ, ಸೀಟಲ್ಲೋ ಕಾಲಡಿಯಲ್ಲೋ ಇದ್ರೆ ಹಿಂದಿನ ಚಕ್ರದ ಮೇಲೆ ಮೊದ್ಲು ಅನುಮಾನ ಪಡಿ. ಗಾಡಿ ಒಂದ್ ಕಡೆಗೆ ಎಳೀತಿದ್ರೆ ಅದು ಹೆಚ್ಚಾಗಿ ಅಲೈನ್‌ಮೆಂಟ್, ಅಂದ್ರೆ ಚಕ್ರ ನೇರಕ್ಕೆ ಕೂರಿಸೋದು, ಬೇರೆ ಕೆಲ್ಸ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಬ್ರೇಕ್ ಡಿಸ್ಕ್ ನೋಡ್ಸಿ.

ಒಂದಿಷ್ಟು ಗ್ರಾಂ ಹೆಚ್ಚುಕಮ್ಮಿ ಆದ್ರೆ ಏನ್ ಮಹಾ ಅನ್ಕೋಬೇಡಿ. ಸಣ್ಣ ಕಾರಿನ 14 ಇಂಚಿನ ಚಕ್ರ 100 ಸ್ಪೀಡಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತೆ, ಆಗ ರಿಮ್ ಅಂಚಲ್ಲಿರೋ ಬರೀ 30 ಗ್ರಾಂ ಸುಮಾರು 5 ಕೆಜಿ ತೂಕದಷ್ಟು ಜೋರಾಗಿ ಹೊರಕ್ಕೆ ಎಳೆಯುತ್ತೆ, ಅದೂ ಪ್ರತಿ ಸುತ್ತಿಗೂ. ಟೈರು, ಬೇರಿಂಗು, ಸಸ್ಪೆನ್ಷನ್ನು ಎಲ್ಲಾ ಆ ಏಟು ತಿನ್ನುತ್ವೆ.

ಅಂಗಡಿಗೆ ಹೋಗೋ ಮುಂಚೆ ಚಕ್ರದ ಒಳಭಾಗ ತೊಳೀರಿ, ಇದನ್ನ ಯಾರೂ ಮಾಡಲ್ಲ. ಹೋದ ಮಳೆಗಾಲ ಮಲೆನಾಡು ಸುತ್ತಿ ಬಂದ್ಮೇಲೆ ನನ್ ಕಾರು ತುಮಕೂರು ದಾಟಿ ಶಿರಾ ಮುಟ್ಟೋವರೆಗೂ ನಡುಗ್ತಾನೇ ಇತ್ತು, ಅಂಗಡಿಲಿ ಚಕ್ರ ಬಿಚ್ಚಿ ನೋಡಿದ್ರೆ ರಿಮ್ಮಿನ ಒಳಗೆ ಒಂದೇ ಕಡೆ ಅಂಗೈ ಅಗಲ ಕೆಂಪುಮಣ್ಣು ಒಣಗಿ ರೊಟ್ಟಿ ಥರ ಅಂಟ್ಕೊಂಡಿತ್ತು. ಅದ್ರ ಮೇಲೇ ಬ್ಯಾಲೆನ್ಸ್ ಮಾಡಿದ್ರೆ ಮಣ್ಣು ಉದುರಿದ ದಿನ ಮತ್ತೆ ಅದೇ ಕಥೆ.

ಅಂಗಡಿಲಿ ಮೊದ್ಲು ನಾಲ್ಕೂ ಟೈರಿಗೆ ಗಾಳಿ ಸರಿ ಮಾಡ್ಸಿ, ಟೈರಿನ ಬಟನ್ ಸಂದಿಲಿ ಸಿಕ್ಕಿರೋ ಜಲ್ಲಿಕಲ್ಲು ತೆಗೆಸಿ. ಆಮೇಲೆ ಮುಖ್ಯವಾದ್ದು, ರಿಮ್ಮಲ್ಲಿರೋ ಹಳೇ ವೇಯ್ಟ್ (ತೂಕ ಸರಿದೂಗಿಸೋಕೆ ಹಾಕೋ ಸಣ್ಣ ಲೋಹದ ತುಂಡು) ಎಲ್ಲಾ ಕೀಳಿಸಿ. ಎಷ್ಟೋ ಕಡೆ ಹಳೇದ್ರ ಪಕ್ಕಕ್ಕೇ ಹೊಸದು ಹೊಡೀತಾರೆ, ಹಾಗೆ ಮಾಡ್ಬೇಡಿ ಅಂತ ಬಾಯ್ಬಿಟ್ಟು ಹೇಳಿ. ಹುಡುಗ ಚಕ್ರನ ಕೋನ್ ಹಾಕಿ ಮೆಷಿನ್ ಶಾಫ್ಟಿಗೆ ಕೂರಿಸ್ತಾನೆ, ಮೆಷಿನ್ನಿಂದ ರಿಮ್ಮಿಗಿರೋ ದೂರ, ರಿಮ್ಮಿನ ಅಗಲ, ಸೈಜು ಅಂತ ಮೂರು ಅಳತೆ ಕೊಡ್ತಾನೆ. ಇದ್ರಲ್ಲಿ ಒಂದು ತಪ್ಪಿದ್ರೂ ಮೆಷಿನ್ ತೋರ್ಸೋ ಲೆಕ್ಕ ತಪ್ಪೇ, ಅದಕ್ಕೆ ಹಿಂದಿನ ಗಾಡಿ ಸೈಜ್ ಹಾಗೇ ಉಳಿದಿದ್ಯಾ ಅಂತ ಒಂದ್ಸಲ ಕೇಳಿ. ಚಕ್ರ ತಿರುಗಿ ನಿಂತ್ಮೇಲೆ ಸ್ಕ್ರೀನಲ್ಲಿ ಎರಡು ನಂಬರ್ ಬರುತ್ತೆ, ಒಳಗೆ ಇಷ್ಟು ಗ್ರಾಂ, ಹೊರಗೆ ಇಷ್ಟು ಗ್ರಾಂ. ಸ್ಟೀಲ್ ರಿಮ್ ಆದ್ರೆ ಕ್ಲಿಪ್ ವೇಯ್ಟ್ ಸುತ್ತಿಗೆಲಿ ಹೊಡೀತಾರೆ, ಅಲಾಯ್ ಆದ್ರೆ ಒಳಗಡೆ ಅಂಟಿಸ್ತಾರೆ, ಅಂಟಿಸೋ ಜಾಗ ಒರೆಸದೇ ಇದ್ರೆ ಒಂದು ಮಳೆಗೇ ಬಿದ್ದೋಗುತ್ತೆ.

ವೇಯ್ಟ್ ಹಾಕಿದ್ಮೇಲೆ ಇನ್ನೊಂದ್ಸಲ ತಿರುಗಿಸ್ಲೇಬೇಕು, ಎರಡೂ ಕಡೆ ಸೊನ್ನೆ ಬರೋವರೆಗೂ ಜಾಗ ಬಿಟ್ಟು ಕದಲ್ಬೇಡಿ. ಒಂದೇ ಚಕ್ರ 70-80 ಗ್ರಾಂ ಕೇಳ್ತಿದ್ರೆ ವೇಯ್ಟ್ ಮೇಲೆ ವೇಯ್ಟ್ ಹಾಕಿಸ್ಬೇಡಿ. ಗುಂಡಿಗೆ ಬಿದ್ದು ರಿಮ್ ಬೆಂಡ್ ಆಗಿರ್ಬೋದು, ಪಂಕ್ಚರ್‌ಗೆ ಅಂತ ಒಳಗೆ ಹಾಕಿದ ಲಿಕ್ವಿಡ್ ಒಂದ್ ಕಡೆ ನಿಂತಿರ್ಬೋದು. ಎರಡೂ ಇಲ್ಲಾಂದ್ರೆ ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿಸಿ ನೋಡಿ, ಎಷ್ಟೋ ಸಲ ಅಲ್ಲೇ ಕಮ್ಮಿ ಆಗುತ್ತೆ.

ವಾಪಸ್ ಹಾಕುವಾಗ ನಟ್ಟನ್ನ ಸಾಲಾಗಿ ಅಲ್ಲ, ಎದುರುಬದುರು ಟೈಟ್ ಮಾಡ್ಬೇಕು. ಹೊಸ ಟೈರ್ ಹಾಕ್ಸಿದಾಗ, ಟೈರ್ ಬಿಚ್ಚಿ ಪಂಕ್ಚರ್ ಹಾಕ್ಸಿದಾಗ, ದೊಡ್ಡ ಗುಂಡಿ ಹೊಡ್ದಾಗ ಮಾಡಿಸ್ಲೇಬೇಕು, ಇಲ್ಲಾಂದ್ರೂ 10,000 ಕಿಲೋಮೀಟರಿಗೊಂದ್ಸಲ. ಹೋದಾಗ ಸ್ಟೆಪ್ನಿನೂ ಇಳಿಸಿ ಕೊಡಿ, ಮಧ್ಯರಾತ್ರಿ ಹೈವೇಲಿ ಅದನ್ನ ಹಾಕ್ಕೊಂಡು ನೂರಾರು ಕಿಲೋಮೀಟರ್ ಬರ್ಬೇಕಾಗ್ಬೋದು.