ನೀರಿನ ಆಮೆಗೂ ಒಂದು ಟಬ್ ಮಣ್ಣು ಬೇಕು

ಹೆಣ್ಣಾಮೆ ಮೊಟ್ಟೆಯಿಡೋಕೆ ಗಂಡಿನ ಹಂಗಿಲ್ಲ. ಒಂಟಿಯಾಗಿ ಬೆಳೆದ ಆಮೆಯೂ ವಯಸ್ಸಿಗೆ ಬಂದ ಮೇಲೆ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟುತ್ತದೆ, ಇಡುತ್ತದೆ. ಅವು ಮರಿಯಾಗುವುದಿಲ್ಲ, ಅಷ್ಟೇ. ನಮ್ಮನೆಯ ಗುಂಡಮ್ಮ ರೆಡ್ ಇಯರ್ಡ್ ಸ್ಲೈಡರ್ ಜಾತಿಯವಳು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದಲ್ಲ, ಆ ನೀರಾಮೆ. ಜೊತೆಗೆ ಇನ್ನೊಂದು ಆಮೆ ಅಂತ ಇಲ್ಲ. ಆದರೂ ಹಾಲ್‌ನ ಮೂಲೆಯಲ್ಲಿ ಅವಳ ಬಾಣಂತನ ತಪ್ಪಿದ್ದಲ್ಲ. ನಾನು ಬರೆಯುತ್ತಿರುವುದು ಮುಖ್ಯವಾಗಿ ಇಂಥ ನೀರಾಮೆಗಳ ಬಗ್ಗೆ.

ನಿಮ್ಮದು ಹೆಣ್ಣೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸ್ಲೈಡರ್‌ಗಳಲ್ಲಿ ಗಂಡಿನ ಮುಂಗಾಲಿನ ಉಗುರು ಎದ್ದು ಕಾಣುವಷ್ಟು ಉದ್ದ, ಬಾಲ ದಪ್ಪ. ಹೆಣ್ಣಿಗೆ ಉಗುರೂ ಬಾಲವೂ ಗಿಡ್ಡ, ಮೈ ಮಾತ್ರ ದೊಡ್ಡದು. ಹೊಟ್ಟೆಯ ಕಡೆಯ ಚಿಪ್ಪು 15 ಸೆಂ.ಮೀ. ದಾಟಿತು ಅಂದರೆ ಮೊಟ್ಟೆಯ ಮಾತು ತಲೆಯಲ್ಲಿರಲಿ.

ಮೊಟ್ಟೆ ತುಂಬಿಕೊಂಡ ಆಮೆ ಒಂದು ಕಡೆ ನಿಲ್ಲುವುದಿಲ್ಲ. ತೊಟ್ಟಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ಓಡಾಡುತ್ತದೆ, ಗಾಜು ಹತ್ತಲು ನೋಡುತ್ತದೆ, ಲ್ಯಾಂಪಿನ ಕೆಳಗೆ ಮಾಮೂಲಿಗಿಂತ ಜಾಸ್ತಿ ಹೊತ್ತು ಕೂರುತ್ತದೆ. ಊಟ ಕಡಿಮೆಯಾಗುತ್ತದೆ. ಇದೆಲ್ಲಕ್ಕಿಂತ ನಂಬಬಹುದಾದ ಗುರುತು ಹಿಂಗಾಲಿನದು: ಬಿಸಿಲು ಕಾಯುವ ಹಲಗೆಯ ಮೇಲೆ ಕೂತು, ಮಣ್ಣಿಲ್ಲದಿದ್ದರೂ, ಒಂದಾದ ಮೇಲೊಂದು ಹಿಂಗಾಲಿನಲ್ಲಿ ಗೀರುತ್ತದೆ. ರಾತ್ರಿ ಎಲ್ಲ ಮಲಗಿದ ಮೇಲೆ ಹಾಲ್‌ನಿಂದ ಕರ್ರ್... ಕರ್ರ್ ಅಂತ ಕೇಳಿಸಿದರೆ ಇನ್ನು ತಡ ಮಾಡುವ ಹಾಗಿಲ್ಲ. ಹಿಂಗಾಲಿನ ಮುಂದಿರುವ ಮೆತ್ತನೆಯ ಗುಳಿಯಲ್ಲಿ ಬೆರಳಿಟ್ಟರೆ ಮೊಟ್ಟೆ ಕೈಗೆ ಸಿಗುತ್ತದೆ ಅನ್ನುತ್ತಾರೆ. ಸಿಗುತ್ತದೆ, ನಿಜ. ಆದರೆ ಅಭ್ಯಾಸ ಇಲ್ಲದವರು ಒತ್ತಿ ನೋಡುವುದು ಬೇಡ. ಒಳಗೇ ಒಡೆದರೆ ಹಳದಿ ಭಾಗ ಹೊಟ್ಟೆಯೊಳಗೆ ಸೋರಿ ಜೀವಕ್ಕೇ ಬರುತ್ತದೆ. ಅನುಮಾನ ಇದ್ದರೆ ಎಕ್ಸ್-ರೇ ತೆಗೆಸಿ. ಸಿಪ್ಪೆ ಗಟ್ಟಿಯಾದ ಮೇಲೆ ಮೊಟ್ಟೆಗಳು ಬೆಳ್ಳಗೆ, ಎಣಿಸುವ ಹಾಗೆ ಕಾಣುತ್ತವೆ. ಆ ಎಣಿಕೆ ಆಮೇಲೆ ತುಂಬ ಉಪಯೋಗಕ್ಕೆ ಬರುತ್ತದೆ.

ಈಗ ಮುಖ್ಯ ಕೆಲಸ, ಮಣ್ಣಿನ ಟಬ್. ನೀರಲ್ಲೇ ಬದುಕುವ ಆಮೆಯೂ ಮೊಟ್ಟೆಗೆ ನೆಲವನ್ನೇ ಹುಡುಕುತ್ತದೆ. ಸರಿಯಾದ ಜಾಗ ಸಿಗದಿದ್ದರೆ ಹೊಟ್ಟೆಯಲ್ಲೇ ತಡೆದುಕೊಳ್ಳುತ್ತದೆ, ಅಪಾಯ ಶುರುವಾಗುವುದೇ ಅಲ್ಲಿ. ಹಾಗಾಗಿ ಗೀರುವ ಸದ್ದು ಕೇಳಿದ ಮೇಲೆ ಟಬ್ ಹುಡುಕಲು ಹೊರಡಬೇಡಿ, ಮೊದಲೇ ತಂದಿಡಿ.

ಟಬ್‌ನ ಉದ್ದ ಆಮೆಯ ನಾಲ್ಕರಷ್ಟಾದರೂ ಇರಲಿ. ಮಣ್ಣಿನ ಆಳ ಚಿಪ್ಪಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಬೇಕು: 20 ಸೆಂ.ಮೀ. ಆಮೆಗೆ 25ರಿಂದ 30 ಸೆಂ.ಮೀ. ಮಣ್ಣಿನ ಮೇಲೆ ಇನ್ನೂ ಅಷ್ಟೇ ಎತ್ತರದ ಗೋಡೆ ಉಳಿಯಬೇಕು, ಇಲ್ಲದಿದ್ದರೆ ಹತ್ತಿ ಇಳಿದು ಸೋಫಾದ ಕೆಳಗೆ ಸೇರಿಕೊಳ್ಳುತ್ತದೆ. ಲೆಕ್ಕ ಹಾಕಿ: 80 ಸೆಂ.ಮೀ. ಉದ್ದ, 50 ಅಗಲ, 25 ಆಳ ಅಂದರೆ ನೂರು ಲೀಟರ್ ಒದ್ದೆ ಮಣ್ಣು. ಒಂದೂವರೆ ಕ್ವಿಂಟಲ್ ಹತ್ತಿರ ತೂಗುತ್ತದೆ. ತುಂಬಿದ ಮೇಲೆ ಅಲುಗಾಡಿಸಲು ಆಗದು, ಜಾಗ ನೋಡಿ ಇಟ್ಟು ಆಮೇಲೆ ತುಂಬಿ. ಜನ ಓಡಾಡದ, ನಾಯಿ ಬೆಕ್ಕು ಸುಳಿಯದ, ಟಿವಿ ಇಲ್ಲದ ಮೂಲೆಯೇ ಸರಿ.

ಮಣ್ಣು ಮತ್ತು ಮರಳು ಸಮಸಮ ಬೆರೆಸುತ್ತೇನೆ. ಗೊಬ್ಬರ, ಕೀಟನಾಶಕ ಬೆರೆತ ಮಣ್ಣು ಕೂಡದು. ಕಲ್ಲು, ಬೇರು ಇದ್ದರೆ ಆರಿಸಿ ತೆಗೆಯಿರಿ. ಒಂದು ಕಲ್ಲು ಕಾಲಿಗೆ ತಗುಲಿದರೂ ಅರ್ಧಕ್ಕೇ ಬಿಟ್ಟು ಬೇರೆ ಕಡೆ ಹೊಸದಾಗಿ ಶುರು ಮಾಡುವಷ್ಟು ಹಟ ಈ ಪ್ರಾಣಿಗೆ. ನೀರು ಎಷ್ಟು ಹಾಕಬೇಕು ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಮೊಣಕೈವರೆಗೆ ಕೈ ಹಾಕಿ ಒಂದು ಗುಂಡಿ ತೋಡುತ್ತೇನೆ. ಬದಿಗಳು ಕುಸಿದರೆ ನೀರು ಸಾಲದು, ತಳದಲ್ಲಿ ನೀರು ಒಸರಿದರೆ ಜಾಸ್ತಿಯಾಯಿತು. ಗುಂಡಿ ಹಾಗೇ ನಿಂತರೆ ಸರಿಯಾಗಿದೆ. ಮೇಲಿನಿಂದ ಒಂದು ಲ್ಯಾಂಪ್ ಹಾಕಿ, ಮಣ್ಣಿನ ಮೇಲ್ಭಾಗ 27ರಿಂದ 29 ಡಿಗ್ರಿ ಸೆಲ್ಸಿಯಸ್ ಇರುವ ಹಾಗೆ ನೋಡಿಕೊಳ್ಳಿ. ಕೈಯಳತೆಯ ಅಂದಾಜು ಬೇಡ, ಥರ್ಮಾಮೀಟರ್ ಇಡಿ.

ಆಮೆಯನ್ನು ಟಬ್ಬಿಗೆ ಬಿಟ್ಟು ನೀವು ಅಲ್ಲಿಂದ ಎದ್ದು ಹೋಗಿ. ಬಹುತೇಕ ಜನ ಕೆಡಿಸುವುದು ಇಲ್ಲೇ. ಮೊಬೈಲ್ ಹಿಡಿದು ಮೇಲೆ ಬಗ್ಗಿದರೆ ಯಾವ ತಾಯಿ ತಾನೇ ಮೊಟ್ಟೆಯಿಡುತ್ತಾಳೆ! ನಾನು ಟಬ್ಬಿನ ಮೂರು ಬದಿಗೆ ಹಳೇ ಬೆಡ್‌ಶೀಟ್ ಇಳಿಬಿಟ್ಟು, ಒಂದು ಕಡೆ ಸಣ್ಣ ಸಂದು ಬಿಟ್ಟಿರುತ್ತೇನೆ, ನೋಡಲೇಬೇಕು ಅನ್ನಿಸಿದರೆ ಅಲ್ಲಿಂದ. ನೋಡಲು ಏನೋ ಚೆಂದವೇ. ಒಂದು ಹಿಂಗಾಲು ಗುಂಡಿಗಿಳಿಯುತ್ತದೆ, ಪಾದ ಮಡಚಿ ಮಣ್ಣನ್ನು ಬಾಚಿಕೊಂಡು ಮೇಲೆ ಬರುತ್ತದೆ, ಅದನ್ನು ಪಕ್ಕಕ್ಕೆ ಸುರಿಯುತ್ತದೆ. ಆಮೇಲೆ ಇನ್ನೊಂದು ಕಾಲಿನ ಸರದಿ. ಗುಂಡಮ್ಮ ಇಷ್ಟರಲ್ಲಿ ಒಮ್ಮೆಯೂ ಹಿಂದಿರುಗಿ ನೋಡುವುದಿಲ್ಲ, ಎಲ್ಲ ಕಾಲಿನ ಅಂದಾಜಿನಲ್ಲೇ ನಡೆಯುತ್ತದೆ. ಮಣ್ಣು ಗಟ್ಟಿ ಅನ್ನಿಸಿದರೆ ಮೂತ್ರಕೋಶದಲ್ಲಿರುವ ನೀರನ್ನೇ ಬಿಟ್ಟು ಮೆದು ಮಾಡಿಕೊಳ್ಳುತ್ತಾಳೆ. ಗುಂಡಿಯ ಬಾಯಿ ಕಿರಿದು, ಒಳಗೆ ಅಗಲ, ಥೇಟ್ ಹೂಜಿಯ ಆಕಾರ. ಮೊಟ್ಟೆ ಇಟ್ಟಾದ ಮೇಲೆ ಮಣ್ಣು ಮುಚ್ಚಿ ಹೊಟ್ಟೆಯ ಚಿಪ್ಪಿನಿಂದ ತಟ್ಟಿ ಸಮ ಮಾಡಿಬಿಟ್ಟರೆ, ಅಲ್ಲೇನಾದರೂ ಆಗಿತ್ತು ಅನ್ನುವ ಸುಳಿವೇ ಉಳಿಯುವುದಿಲ್ಲ.

ಮೊದಲ ಸಲವೇ ಇಟ್ಟುಬಿಡುತ್ತದೆ ಅಂದುಕೊಳ್ಳಬೇಡಿ. ಅಗೆದು ನೋಡಿ ಖಾಲಿ ಗುಂಡಿ ಬಿಟ್ಟು ಬರುವುದು ಮಾಮೂಲಿ. ಕೆಲವು ಗಂಟೆ ಬಿಟ್ಟು ನೋಡಿ, ಆಗಲಿಲ್ಲವಾ, ತೊಟ್ಟಿಗೆ ವಾಪಸ್ ಹಾಕಿ, ಮಾರನೇ ದಿನ ಮತ್ತೆ ಬಿಡಿ. ನೀರಾಮೆಗಳು ಆಹಾರ ನುಂಗುವುದು ನೀರೊಳಗೇ, ಹಾಗಾಗಿ ಟಬ್ಬಿನಲ್ಲಿ ಪೆಲೆಟ್ (ಆಮೆಯ ಒಣ ಆಹಾರದ ಗುಳಿಗೆ) ಹಾಕಿ ಪ್ರಯೋಜನವಿಲ್ಲ.

ಟಬ್ ಇಟ್ಟೂ ನೀರಲ್ಲೇ ಹಾಕಿದರೆ? ಹಾಕಲಿ ಬಿಡಿ. ಅವನ್ನು ಬೇಗ ತೆಗೆದು ನೀರು ಬದಲಾಯಿಸಿ. ಕೆಲವು ಆಮೆಗಳು ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ, ಗಾಬರಿ ಬೇಡ, ಅದರಿಂದ ಆಮೆಗೆ ತೊಂದರೆಯಿಲ್ಲ. ಒಡೆದ ಮೊಟ್ಟೆಯಿಂದ ನೀರು ಬೇಗ ನಾರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತಲೆನೋವು ಅದೊಂದೇ.

ಚಡಪಡಿಸುವ ಆಮೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅದಕ್ಕೆ ಜಾಗ ಬೇಕು, ಕೊಟ್ಟರಾಯಿತು. ಚಡಪಡಿಸಿ, ಮೊಟ್ಟೆಯಿಡದೆ, ಸುಮ್ಮನಾಗಿಬಿಟ್ಟ ಆಮೆಯನ್ನು ಕಂಡರೆ ಮಾತ್ರ ಭಯ. ಕಣ್ಣು ಮುಚ್ಚಿಕೊಂಡೇ ಇರುವುದು, ಹಿಂಗಾಲು ಎಳೆಯುವುದು, ತಿಣುಕುತ್ತಿದ್ದರೂ ಏನೂ ಬಾರದಿರುವುದು, ಬಾಲದ ಬುಡದಿಂದ ಕೆಂಪು ಮಾಂಸದಂಥದ್ದು ಹೊರಬಂದು ಒಳಗೆ ಹೋಗದಿರುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಿ. ಹೊರಬಂದ ಭಾಗ ಒಣಗದಂತೆ ಒದ್ದೆ ಬಟ್ಟೆ ಸುತ್ತಿ ಒಯ್ಯಿರಿ. ಮೊಟ್ಟೆ ಸಿಕ್ಕಿಕೊಂಡಿದ್ದರೆ ಅವರು ಎಕ್ಸ್-ರೇ ನೋಡಿ ಕ್ಯಾಲ್ಸಿಯಂ, ಮೊಟ್ಟೆ ಹೊರತಳ್ಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಆಮೆಗಳಿಗೆ ಆಕ್ಸಿಟೋಸಿನ್ ಚೆನ್ನಾಗಿಯೇ ನಾಟುತ್ತದೆ. ಆದರೆ ಮೊಟ್ಟೆ ದಾರಿಗೆ ಅಡ್ಡ ನಿಂತಿದ್ದರೆ ಅದೇ ಔಷಧ ಕೆಡುಕು ಮಾಡುತ್ತದೆ, ಆಗ ಆಪರೇಷನ್ನೇ ಗತಿ. ಎಕ್ಸ್-ರೇ ಮೊದಲು ಅನ್ನುವುದು ಇದಕ್ಕೇ. ಎಣ್ಣೆ ಸವರುವುದು, ಹೊಟ್ಟೆ ನೀವುವುದು, ಯಾರೋ ಹೇಳಿದ ಇಂಜೆಕ್ಷನ್ ಚುಚ್ಚುವುದು ಯಾವುದೂ ಬೇಡ. ಮತ್ತೊಂದು ಮಾತು: ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ. "ನಾಯಿ, ಬೆಕ್ಕು ಮಾತ್ರ" ಅಂತ ನನ್ನನ್ನೂ ಬಾಗಿಲಲ್ಲೇ ವಾಪಸ್ ಕಳಿಸಿದ್ದಾರೆ. ನೋಡುವವರು ಯಾರು ಅಂತ ಆಮೆ ಚೆನ್ನಾಗಿರುವಾಗಲೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ.

ಮೊಟ್ಟೆ ಸಿಕ್ಕಿಕೊಳ್ಳಲು ಕ್ಯಾಲ್ಸಿಯಂ ಕೊರತೆಯೂ ಒಂದು ಕಾರಣ. ಅದು ಸಿಪ್ಪೆಗಷ್ಟೇ ಅಲ್ಲ, ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಬೇಕು. ಕಟಲ್‌ಫಿಶ್ ಮೂಳೆ, ಪಂಜರದ ಹಕ್ಕಿಗಳಿಗೆ ಕೊಡುತ್ತಾರಲ್ಲ ಆ ಬಿಳಿ ಮೂಳೆ, ತಂದು ಹಿಂದಿನ ಗಟ್ಟಿ ಪದರ ಕೆತ್ತಿ ತೆಗೆದು ನೀರಲ್ಲಿ ತೇಲಿಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು, ಅದಕ್ಕೆ ಯುವಿಬಿ ಬೆಳಕು, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ, ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಬಲ್ಬ್ ಉರಿಯುತ್ತಿದ್ದರೂ ಕಾಲಕ್ರಮೇಣ ಕಿರಣ ಕುಗ್ಗುತ್ತದೆ. ಆರು ತಿಂಗಳಿಂದ ವರ್ಷದೊಳಗೆ, ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ಹಾಗೆ, ಬದಲಾಯಿಸಿ.

ಇಟ್ಟ ಮೊಟ್ಟೆಗಳನ್ನು ಎಣಿಸಿ ಎಕ್ಸ್-ರೇಯ ಲೆಕ್ಕಕ್ಕೆ ಹೋಲಿಸಿ. ಕಡಿಮೆ ಬಂದರೆ, ಆಮೆಯೂ ಇನ್ನೂ ಗೀರುತ್ತಿದ್ದರೆ, ಒಳಗೆ ಉಳಿದಿವೆ ಅಂತಲೇ ತಿಳಿಯಿರಿ. ಹಿಂದೆಂದಾದರೂ ಗಂಡಿನ ಜೊತೆ ಇತ್ತೇ? ಹಾಗಿದ್ದರೆ ಫಲಿತ, ಅಂದರೆ ಮರಿಯಾಗಬಲ್ಲ, ಮೊಟ್ಟೆಯೂ ಇರಬಹುದು, ಹೆಣ್ಣಾಮೆ ವೀರ್ಯವನ್ನು ಬಹುಕಾಲ ಒಳಗೆ ಕಾಪಿಟ್ಟುಕೊಳ್ಳಬಲ್ಲದು. ಮರಿ ಮಾಡಿಸಬೇಡಿ ಅನ್ನುವುದು ನನ್ನ ಸಲಹೆ. ಇಪ್ಪತ್ತು, ಮೂವತ್ತು ವರ್ಷ ಬದುಕುವ ಪ್ರಾಣಿ, ಒಂದು ಗೂಡಿನಲ್ಲಿ ಹತ್ತಾದರೂ ಬರಬಹುದು, ಅಷ್ಟಕ್ಕೂ ಮನೆ ಹುಡುಕುವವರು ಯಾರು? ಕೆರೆಗೆ ಬಿಡುವ ಮಾತಂತೂ ಎತ್ತಬೇಡಿ. ಹೊರಗಿನಿಂದ ಬಂದು ಅಲ್ಲಿನ ಜೀವಿಗಳಿಗೆ ಕುತ್ತಾಗುವ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯೊಂದನ್ನು ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಮಾಡಿದೆ, ಅದರಲ್ಲಿ ಈ ಸ್ಲೈಡರ್ ಇದೆ. ಬೇಡ ಅಂದರೆ ಇಟ್ಟ ದಿನವೇ ಮೊಟ್ಟೆಗಳನ್ನು ಫ್ರೀಜರ್‌ಗೆ ಹಾಕಿ, ಆಮೇಲೆ ವಿಲೇವಾರಿ ಮಾಡಿ. ಬೇಕೇ ಬೇಕು ಅನ್ನುವವರು ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಉರುಳಿಸದೆ, ಅದೇ ಭಂಗಿಯಲ್ಲಿ ಎತ್ತಿಡಬೇಕು. ಕೋಳಿಮೊಟ್ಟೆಯ ಹಾಗೆ ತಿರುಗಿಸಿದರೆ ಒಳಗಿನ ಭ್ರೂಣ ಸಾಯುತ್ತದೆ. ಸುಮಾರು ಎರಡರಿಂದ ಎರಡೂವರೆ ತಿಂಗಳ ಕೆಲಸ. ಕಾವಿನ ಶಾಖವೇ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನಿಸುತ್ತದೆ: ಗೆರೆ 29 ಡಿಗ್ರಿಯ ಆಸುಪಾಸು, ಅದಕ್ಕಿಂತ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು.

ಆಮೆ, ಮೊಟ್ಟೆ, ಮಣ್ಣು ಯಾವುದನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಪುಟ್ಟ ಮಕ್ಕಳಿಗೆ ಅದು ಹುಡುಗಾಟವಲ್ಲ. ಅಡುಗೆಮನೆಯ ಸಿಂಕಿನಲ್ಲಿ ಆಮೆಯ ಸಾಮಾನು ತೊಳೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೆತ್ತು ಬಂದ ಆಮೆಗೆ ಮೊದಲು ನೀರು, ಆಮೇಲೆ ಊಟ. ತೂಕ ನೋಡಿ ಬರೆದಿಡಿ. ಟಬ್ ಖಾಲಿ ಮಾಡುವ ಆತುರ ಮಾತ್ರ ಬೇಡ. ಸ್ಲೈಡರ್ ಒಂದೇ ಋತುವಿನಲ್ಲಿ ಎರಡು ಮೂರು ಸಲ ಇಡಬಹುದು, ನಡುವೆ ಕೆಲವೇ ವಾರಗಳ ಅಂತರ. ಮಣ್ಣನ್ನು ಒಮ್ಮೆ ತಿರುವಿಹಾಕಿ, ನೀರು ಚಿಮುಕಿಸಿ, ಬೆಡ್‌ಶೀಟ್ ಒಗೆದು ಮತ್ತೆ ಇಳಿಬಿಡಿ.